ಆಕಾಶದ ವಿಜ್ಞಾನ ಮಸ್ಕಿಗೂ ಬರಲಿ

ಮೂಲವಿಜ್ಞಾನದ ಮಾತೆತ್ತಿದರೆ ಸಾಕು, 'ಇದರಿಂದ ಸಾಮಾನ್ಯನಿಗೇನು ಪ್ರಯೋಜನ' ಎಂಬ ಪ್ರಶ್ನೆ ಏಳುತ್ತದೆ. ನನ್ನನ್ನು ಕಾಡುವ ಪ್ರಶ್ನೆ ಬೇರೆ: ಸಾಮಾನ್ಯನ ತೆರಿಗೆಯಿಂದ ನಡೆಯುವ ಆ ವಿಜ್ಞಾನ ಅವನ ಊರಿಗೆ, ಅವನ ಭಾಷೆಯಲ್ಲಿ ತಲುಪುತ್ತಿದೆಯೇ?

ಗೆಲಾಕ್ಸಿಗಳನ್ನು ಸುತ್ತುವರಿದ ವಿರಳ ಅನಿಲದ ಅಧ್ಯಯನವನ್ನೇ ನೋಡಿ. ನಮ್ಮ ಆಕಾಶಗಂಗೆಯಲ್ಲಿ ನಕ್ಷತ್ರಗಳಿರುವ ತಟ್ಟೆಯ ಅಗಲ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ. ಅದರಾಚೆಗೂ ಲಕ್ಷಾಂತರ ಜ್ಯೋತಿರ್ವರ್ಷಗಳವರೆಗೆ ಅನಿಲದ ಆವರಣ ಹಬ್ಬಿದೆ. ಅದರಲ್ಲಿ ಬಹುಪಾಲು ಹತ್ತು ಲಕ್ಷ ಡಿಗ್ರಿಗೂ ಮಿಗಿಲಾದ ಬಿಸಿಯಲ್ಲಿದೆ. ಆದರೂ ಒಂದು ಕೊಡದಷ್ಟು ಜಾಗದಲ್ಲಿ ಸಿಗುವುದು ಒಂದೆರಡು ಕಣ ಮಾತ್ರ. ಇಂತಹ ಅನಿಲ ಇರಬೇಕೆಂದು ಲೈಮನ್ ಸ್ಪಿಟ್ಜರ್ 1956ರಲ್ಲೇ ತರ್ಕಿಸಿದ್ದರು. ದೂರದ ಕ್ವೇಸಾರ್‌ಗಳ ಬೆಳಕು ಅನಿಲವನ್ನು ಹಾದುಬರುವಾಗ ರೋಹಿತದಲ್ಲಿ ಮೂಡುವ ಕಪ್ಪು ಗೆರೆಗಳು ಅದರ ಇರವನ್ನು ಸಾರುತ್ತವೆ.

ತಟ್ಟೆಯೊಳಗಿನ ಅನಿಲವನ್ನಷ್ಟೇ ನೆಚ್ಚಿದ್ದರೆ ಆಕಾಶಗಂಗೆಯಲ್ಲಿ ಕೆಲವು ನೂರು ಕೋಟಿ ವರ್ಷಗಳಲ್ಲೇ ನಕ್ಷತ್ರಗಳ ಹುಟ್ಟು ನಿಲ್ಲಬೇಕಿತ್ತು. ಸಾವಿರ ಕೋಟಿ ವರ್ಷಗಳಿಗೂ ಹೆಚ್ಚು ಕಾಲ ಅದು ನಡೆದಿರುವುದು ಸುತ್ತಲಿನಿಂದ ಅನಿಲ ಒಳಗೆ ಬೀಳುತ್ತಿರುವುದರಿಂದ. ಸಿಡಿದ ನಕ್ಷತ್ರಗಳು ಭಾರಧಾತುಗಳನ್ನು ಆ ಆವರಣಕ್ಕೆ ಮರಳಿ ಕೊಡುತ್ತವೆ. ಈ ಕೊಡುಕೊಳ್ಳುವಿಕೆ ನಿಂತ ಗೆಲಾಕ್ಸಿ ಕ್ರಮೇಣ ಬಂಜೆಯಾಗುತ್ತದೆ.

ಈ ಕ್ಷೇತ್ರದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಬಿಮನ್ ನಾಥ್, ಭಾರತೀಯ ವಿಜ್ಞಾನ ಸಂಸ್ಥೆಯ ಪ್ರತೀಕ್ ಶರ್ಮಾ ಮುಖ್ಯ ಕೆಲಸ ಮಾಡಿದ್ದಾರೆ. ಆದರೆ ನಾನೂರು ಕಿಲೋಮೀಟರ್ ಆಚೆಯ ರಾಯಚೂರು ಜಿಲ್ಲೆಯ ಕಾಲೇಜುಗಳಲ್ಲಿ ಎಷ್ಟು ವಿದ್ಯಾರ್ಥಿಗಳು ಇದನ್ನು ಕೇಳಿದ್ದಾರು? ಒಳಹರಿವು–ಹೊರಹರಿವಿನ ಲೆಕ್ಕ ತುಂಗಭದ್ರಾ ಎಡದಂಡೆ ಕಾಲುವೆಯನ್ನು ನೆಚ್ಚಿದ ಸಿಂಧನೂರಿನ ಮಕ್ಕಳಿಗೆ ಹೊಸದಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನವೂ ಸೂರ್ಯ ಹುಟ್ಟುವ ಮೊದಲೇ, ಸತ್ತ ನಕ್ಷತ್ರಗಳ ಡಿಕ್ಕಿಯಂತಹ ಘಟನೆಗಳಲ್ಲಿ ಮೂಡಿದ ಧಾತುವೇ. ಪಾಠ ಆರಂಭಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಕನ್ನಡದಲ್ಲಿ ಪದಗಳಿಲ್ಲ ಎಂಬ ನೆಪ ಸಲ್ಲದು. ಶಿವರಾಮ ಕಾರಂತರು, ಜಿ.ಟಿ. ನಾರಾಯಣರಾಯರು ದಶಕಗಳ ಹಿಂದೆಯೇ ಕನ್ನಡದಲ್ಲಿ ವಿಜ್ಞಾನ ಬರೆದು ತೋರಿಸಿದ್ದಾರೆ. ಸಂವಿಧಾನದ 371(ಜೆ) ವಿಧಿ ಈ ಭಾಗಕ್ಕೆ ಸೀಟು, ಉದ್ಯೋಗಗಳಲ್ಲಿ ಮೀಸಲಾತಿ ತಂದಿತು. ಆದರೆ ಕುತೂಹಲವನ್ನು ಯಾವ ವಿಧಿಯೂ ಹಂಚಲಾರದು; ಅದನ್ನು ಮನುಷ್ಯರೇ ಹೊತ್ತು ತರಬೇಕು. ಸರ್ಕಾರಿ ಅನುದಾನದ ಪ್ರತಿಯೊಂದು ಸಂಶೋಧನಾ ತಂಡವೂ ವರ್ಷಕ್ಕೊಮ್ಮೆ ತಾಲ್ಲೂಕು ಕೇಂದ್ರವೊಂದರ ಕಾಲೇಜಿನಲ್ಲಿ ತನ್ನ ಕೆಲಸವನ್ನು ಕನ್ನಡದಲ್ಲಿ ವಿವರಿಸಲಿ. ಕನ್ನಡ ಬಾರದ ವಿಜ್ಞಾನಿಗಳಿಗೆ ಅವರ ಕನ್ನಡಿಗ ವಿದ್ಯಾರ್ಥಿಗಳು ನೆರವಾಗಲಿ. ಇದಕ್ಕೆ ತಗಲುವ ಖರ್ಚು ಬಸ್ಸಿನ ಟಿಕೆಟ್ಟಿಗಿಂತ ತುಸು ಹೆಚ್ಚು, ಅಷ್ಟೆ.

1915ರಲ್ಲಿ ಪತ್ತೆಯಾದ ಮಸ್ಕಿಯ ಶಾಸನದಿಂದಲೇ 'ದೇವಾನಾಂಪ್ರಿಯ' ಎಂದರೆ ಅಶೋಕನೆಂಬುದು ಖಚಿತವಾಯಿತು. ಆ ಚಕ್ರವರ್ತಿ ತನ್ನ ಮಾತನ್ನು ಪಾಟಲಿಪುತ್ರದಲ್ಲೇ ಇಟ್ಟುಕೊಳ್ಳದೆ ದೂರದ ಮಸ್ಕಿಯ ಬಂಡೆಯವರೆಗೆ ಕಳಿಸಿದ. ಅವನ ಪ್ರಾಕೃತ ಇಲ್ಲಿ ಎಷ್ಟು ಜನರಿಗೆ ಅರ್ಥವಾಯಿತೋ ಏನೋ. ಬೆಂಗಳೂರಿನ ಸಂಸ್ಥೆಗಳಿಗೆ ಆ ತೊಡಕಿಲ್ಲ, ನಡುವೆ ಕನ್ನಡವಿದೆ.