ಹದಿನಾರು ಗುರುವಾರ, ಒಂದು ರಾತ್ರಿ

2025ರ ಮೇ 29ರಂದು ಲಂಡನ್ನಿನ ಓ2 ಅರೀನಾದಲ್ಲಿ ಲ್ಯೂಕ್ ಹಂಫ್ರೀಸ್ 11-8ರಿಂದ ಲ್ಯೂಕ್ ಲಿಟ್ಲರ್ ಅವರನ್ನು ಸೋಲಿಸಿ ಡಾರ್ಟ್ಸ್ ಪ್ರೀಮಿಯರ್ ಲೀಗಿನ ಚಾಂಪಿಯನ್ ಆದರು. ಆದರೆ ಫೆಬ್ರುವರಿಯಿಂದ ಹದಿನಾರು ಗುರುವಾರ ನಡೆದ ಲೀಗ್ ಹಂತದಲ್ಲಿ ಎಲ್ಲರಿಗಿಂತ ಮುಂದಿದ್ದವರು ಹದಿನೆಂಟರ ಹುಡುಗ ಲಿಟ್ಲರ್. ಆರು ರಾತ್ರಿಗಳನ್ನು ಗೆದ್ದು 45 ಅಂಕ ಕಲೆಹಾಕಿದ್ದರು. ಈಗಿನ ಮಾದರಿ ಬಂದಮೇಲೆ ಅಷ್ಟು ಅಂಕ ಅದುವರೆಗೆ ಯಾರಿಗೂ ಸಿಕ್ಕಿರಲಿಲ್ಲ. ಹಾಗಾದರೆ ಆ ವರ್ಷದ ಉತ್ತಮ ಆಟಗಾರ ಯಾರು? ತಿಂಗಳುಗಟ್ಟಲೆ ಚೆನ್ನಾಗಿ ಆಡಿದವರೋ, ಕೊನೆಯ ದಿನ ಗೆದ್ದವರೋ?

ಪ್ರಶ್ನೆ ಡಾರ್ಟ್ಸ್‌ಗಷ್ಟೇ ಸೇರಿದ್ದಲ್ಲ. ಆದರೂ ಈ ಲೀಗಿನಲ್ಲಿ ಅದು ತೀರಾ ಸ್ಪಷ್ಟವಾಗಿ ಎದ್ದು ಕಾಣುತ್ತದೆ. 2022ರಿಂದ ಇಲ್ಲಿ ಎಂಟೇ ಆಟಗಾರರು. ಪ್ರತಿ ಗುರುವಾರ ಒಂದೊಂದು ಊರಿನಲ್ಲಿ ಕ್ವಾರ್ಟರ್ ಫೈನಲ್‌ನಿಂದ ಫೈನಲ್‌ವರೆಗೆ ಒಂದೇ ರಾತ್ರಿಯಲ್ಲಿ ಮುಗಿಯುತ್ತದೆ. ಗೆದ್ದವರಿಗೆ ಐದು ಅಂಕ, ಫೈನಲ್‌ನಲ್ಲಿ ಸೋತವರಿಗೆ ಮೂರು, ಸೆಮಿಫೈನಲ್‌ನಲ್ಲಿ ಸೋತವರಿಗೆ ಎರಡು. ಹದಿನಾರು ವಾರ ಕಳೆದಮೇಲೆ ಮೊದಲ ನಾಲ್ವರು ಕೊನೆಯ ರಾತ್ರಿಗೆ ಬರುತ್ತಾರೆ. ಅಲ್ಲಿ ಮೊದಲ ಸ್ಥಾನದವರು ನಾಲ್ಕನೆಯವರ ಎದುರು ಆಡುತ್ತಾರೆ ಎಂಬುದನ್ನು ಬಿಟ್ಟರೆ, ಗಳಿಸಿದ ಅಂಕಗಳಿಗೆ ಬೆಲೆಯಿಲ್ಲ. ಎಂಟರಲ್ಲಿ ನಾಲ್ವರನ್ನು ಆರಿಸುವುದಕ್ಕೆ ಹದಿನಾರು ವಾರ, ನಾಲ್ವರಲ್ಲಿ ಒಬ್ಬರನ್ನು ಆರಿಸುವುದಕ್ಕೆ ಕೆಲವೇ ಗಂಟೆ.

ಕೊನೆಯ ರಾತ್ರಿಯ ಪರವಾಗಿ ಹೇಳುವುದಕ್ಕೂ ಬಹಳವಿದೆ. ಪ್ರತಿ ಲೆಗ್‌ನಲ್ಲಿ, ಅಂದರೆ ಪಂದ್ಯದ ಒಂದೊಂದು ಸುತ್ತಿನಲ್ಲಿ, ಆಟಗಾರ ಬೋರ್ಡಿನಿಂದ 2.37 ಮೀಟರ್ ದೂರ ನಿಂತು 501ರಿಂದ ಸೊನ್ನೆಗೆ ಇಳಿಯುತ್ತ ಬರಬೇಕು, ಕೊನೆಯ ಡಾರ್ಟ್ ಡಬಲ್‌ಗೇ ಬೀಳಬೇಕು. ಡಬಲ್ ಎಂದರೆ ಬೋರ್ಡಿನ ಹೊರ ಅಂಚಿನಲ್ಲಿ ಅಂಕ ಎರಡರಷ್ಟಾಗುವ ಪಟ್ಟಿ. ಅದರ ಅಗಲ ಹೆಚ್ಚುಕಡಿಮೆ ಎಂಟು ಮಿಲಿಮೀಟರ್. 32 ಉಳಿಸಿಕೊಳ್ಳಲು ಆಟಗಾರರು ಇಷ್ಟಪಡುವುದಕ್ಕೆ ಕಾರಣ ಇದೆ. ಡಬಲ್ ಹದಿನಾರು ತಪ್ಪಿ ಒಳಗೆ ಬಿದ್ದರೆ ಹದಿನಾರು ಉಳಿಯುತ್ತದೆ, ಡಬಲ್ ಎಂಟಕ್ಕೆ ಎಸೆಯಬಹುದು. ಅದೂ ಒಳಗೆ ಬಿದ್ದರೆ ಡಬಲ್ ನಾಲ್ಕು. ತಪ್ಪಿದರೂ ದಾರಿ ಮುಚ್ಚದಂತೆ ಮೊದಲೇ ಲೆಕ್ಕ ಹಾಕುವ ಆಟ ಇದು. ಸಾವಿರಾರು ಜನ ಕೂಗುತ್ತಿರುವಾಗ, ಎದುರಾಳಿ ಮುಂದಿನ ಸರದಿಯಲ್ಲೇ ಲೆಗ್ ಮುಗಿಸುತ್ತಾನೆಂದು ಗೊತ್ತಿರುವಾಗ, ಕೈ ನಡುಗದೆ ಆ ಪಟ್ಟಿಗೆ ಎಸೆಯುವುದು ಸಣ್ಣ ಸಾಮರ್ಥ್ಯವಲ್ಲ. ಇನ್ನೂ ಒಂದು ಮಾತಿದೆ. ನಿಯಮ ಎಲ್ಲರಿಗೂ ಮೊದಲೇ ತಿಳಿದಿತ್ತು, ಒಪ್ಪಿಯೇ ಕಣಕ್ಕಿಳಿದರು. ಹಂಫ್ರೀಸ್ ಗೆಲುವಿನಲ್ಲಿ ಅನ್ಯಾಯ ಹುಡುಕುವುದು ಸರಿಯಲ್ಲ.

ಆದರೆ ಲೆಕ್ಕ ಬೇರೆಯೇ ಮಾತು ಹೇಳುತ್ತದೆ. ಒಬ್ಬ ಆಟಗಾರ ಉಳಿದ ಮೂವರಿಗಿಂತಲೂ ಒಂದಿಷ್ಟು ಮೇಲು, ನೂರು ಲೆಗ್ ಆಡಿದರೆ ಸರಾಸರಿ ಐವತ್ತೈದು ಗೆಲ್ಲುತ್ತಾನೆ ಎಂದಿಟ್ಟುಕೊಳ್ಳೋಣ. ಮೊದಲು ಎಸೆಯುವವನಿಗೆ ಸಿಗುವ ಅನುಕೂಲವನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. ಮೊದಲು ಹತ್ತು ಲೆಗ್ ಮುಟ್ಟಬೇಕಾದ ಸೆಮಿಫೈನಲ್ ಅವನು ಗೆಲ್ಲುವ ಸಾಧ್ಯತೆ ಸುಮಾರು ಶೇ 67. ಹನ್ನೊಂದು ಮುಟ್ಟಬೇಕಾದ ಫೈನಲ್‌ನಲ್ಲಿ ಸುಮಾರು ಶೇ 68. ಎರಡನ್ನೂ ಗೆಲ್ಲುವ ಸಾಧ್ಯತೆ ಶೇ 46ರ ಆಸುಪಾಸು. ಅಂದರೆ ಖಂಡಿತವಾಗಿ ಮೇಲಾದವನೂ ಅರ್ಧಕ್ಕಿಂತ ಹೆಚ್ಚು ಸಲ ಕಪ್ ಇಲ್ಲದೆ ಮನೆಗೆ ಹೋಗುತ್ತಾನೆ. ಅದು ಅವನ ಎದೆಗಾರಿಕೆಯ ಕೊರತೆಯಲ್ಲ, ಪಂದ್ಯ ಚಿಕ್ಕದಾದ್ದರ ಫಲ. ಹದಿನಾರು ರಾತ್ರಿಗಳಲ್ಲಿ ಅದೃಷ್ಟ ಒಮ್ಮೆ ಅತ್ತ, ಒಮ್ಮೆ ಇತ್ತ ವಾಲಿ ಬಹುಮಟ್ಟಿಗೆ ಸರಿಹೋಗುತ್ತದೆ. ಒಂದೇ ರಾತ್ರಿಯಲ್ಲಿ ಸರಿಹೋಗಲು ಸಮಯವೇ ಇರುವುದಿಲ್ಲ.

ಒಬ್ಬನೇ ಎಲ್ಲರಿಂದ ಬಹುದೂರ ಮುಂದಿದ್ದಾಗ ಈ ತೊಡಕು ಕಾಣಿಸುವುದಿಲ್ಲ. 2005ರಲ್ಲಿ ಶುರುವಾದ ಈ ಲೀಗಿನ ಮೊದಲ ನಾಲ್ಕೂ ಪ್ರಶಸ್ತಿಗಳನ್ನು ಫಿಲ್ ಟೇಲರ್ ಗೆದ್ದರು. ಅವರನ್ನು ಯಾವ ಅಳತೆಗೋಲಿನಿಂದ ಅಳೆದರೂ ಉತ್ತರ ಒಂದೇ ಬರುತ್ತಿತ್ತು. ಲಿಟ್ಲರ್, ಹಂಫ್ರೀಸ್ ಅವರಂಥವರ ನಡುವೆ ಅಂತರ ಕಿರಿದು. 2024ರ ಪ್ರೀಮಿಯರ್ ಲೀಗ್ ಫೈನಲ್‌ನಲ್ಲಿ ಇದೇ ಹಂಫ್ರೀಸ್ ಅವರನ್ನು ಲಿಟ್ಲರ್ 11-7ರಿಂದ ಮಣಿಸಿದ್ದರು. ಅಂತರ ಕಿರಿದಾದಷ್ಟೂ ಯಾವ ಅಳತೆಗೋಲು ಹಿಡಿಯುತ್ತೇವೆ ಎಂಬುದೇ ಫಲಿತಾಂಶವನ್ನು ತೀರ್ಮಾನಿಸುತ್ತದೆ.

ಪರಿಹಾರ ದೂರದಲ್ಲಿ ಹುಡುಕಬೇಕಾಗಿಲ್ಲ. ಐಪಿಎಲ್‌ನಲ್ಲಿ ಮೊದಲೆರಡು ಸ್ಥಾನದ ತಂಡಗಳು ಒಮ್ಮೆ ಸೋತರೂ ಇನ್ನೊಂದು ಅವಕಾಶ ಉಳಿದಿರುತ್ತದೆ. 2011ರಲ್ಲಿ ಪಟ್ಟಿಯ ತುದಿಯಲ್ಲಿದ್ದ ಬೆಂಗಳೂರು ತಂಡ ಮೊದಲ ಕ್ವಾಲಿಫೈಯರ್‌ನಲ್ಲಿ ಚೆನ್ನೈಗೆ ಸೋತಿತು. ಆದರೂ ಆ ಅವಕಾಶದಿಂದಲೇ ಫೈನಲ್ ತಲುಪಿ, ಅಲ್ಲಿ ಮತ್ತೆ ಚೆನ್ನೈಗೇ ಸೋತಿತು. ಕಪ್ ಸಿಗಲಿಲ್ಲ ನಿಜ, ಆದರೆ ಲೀಗಿನ ದುಡಿಮೆಗೆ ಒಂದು ಕೂಲಿಯಂತೂ ಸಿಕ್ಕಿತು. ಫುಟ್‌ಬಾಲಿನ ಐಎಸ್‌ಎಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 2019-20ರಲ್ಲಿ ಲೀಗಿನ ಅಗ್ರ ತಂಡಕ್ಕೆ ಪ್ರತ್ಯೇಕ ಶೀಲ್ಡ್ ಕೊಡಲು ಶುರುಮಾಡಿತು. 2022-23ರಲ್ಲಿ ಶೀಲ್ಡ್ ಮುಂಬೈ ಸಿಟಿಗೆ ಹೋಯಿತು. ಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿಯನ್ನು ಪೆನಾಲ್ಟಿಯಲ್ಲಿ ಸೋಲಿಸಿದ ಮೋಹನ್ ಬಾಗಾನ್‌ಗೆ ಕಪ್ ಹೋಯಿತು.

ಎರಡು ಪ್ರಶಸ್ತಿ ಕೊಟ್ಟರೆ ಎರಡರ ಮಾನವೂ ಕುಗ್ಗುತ್ತದೆ ಎನ್ನುವವರಿದ್ದಾರೆ. ಇಂಗ್ಲೆಂಡಿನ ಫುಟ್‌ಬಾಲ್ ಶತಮಾನಕ್ಕೂ ಮಿಕ್ಕಿ ಲೀಗ್ ಬೇರೆ, ಎಫ್‌ಎ ಕಪ್ ಬೇರೆ ಎಂದು ನಡೆದುಬಂದಿದೆ. ಅದರಿಂದ ಯಾವುದರ ಮಾನವೂ ಹೋಗಿಲ್ಲ. ಅದೇ ನಾಡಿನ ಡಾರ್ಟ್ಸ್ ಲೀಗ್ ಅದನ್ನು ಅನುಸರಿಸಲು ಹಿಂಜರಿಯಬೇಕಾಗಿಲ್ಲ. ಸಾತತ್ಯ ಒಂದು ಗುಣ, ಒತ್ತಡದಲ್ಲಿ ಗೆಲ್ಲುವುದು ಇನ್ನೊಂದು ಗುಣ. ಒಂದರ ಹೆಸರಿನಲ್ಲಿ ಇನ್ನೊಂದನ್ನು ಮರೆಸಿದರೆ, ನಾಲ್ಕು ತಿಂಗಳು ಟಿಕೆಟ್ ಕೊಂಡು ನೋಡಿದವರಿಗೆ ನಾವು ಹೇಳುವುದು ಇಷ್ಟೇ ಆಗುತ್ತದೆ: ನೀವು ನೋಡಿದ್ದು ಅರ್ಹತಾ ಸುತ್ತು. 2025ರ ಕಪ್ ಹಂಫ್ರೀಸ್ ಅವರದೇ, ಅದನ್ನು ಯಾರೂ ಕಸಿಯಬೇಕಾಗಿಲ್ಲ. ಆದರೆ ಆ ಋತುವನ್ನು ಗೆದ್ದವರು ಲಿಟ್ಲರ್ ಎಂದು ಬರೆದಿಡಲು ಲೀಗಿನ ದಾಖಲೆಯಲ್ಲಿ ಒಂದು ಸಾಲಿನ ಜಾಗ ಇರಬೇಕು.