ಎಂಟು ದಿನದ ಶಿಬಿರ ಎಂಡಿಎಂಎಗೂ ಸಾಕೇ?

ಪುತ್ತೂರು ತಾಲ್ಲೂಕಿನ ಬೆಟ್ಟಂಪಾಡಿಯ ರೆಂಜದಿಂದ ಪಾಣಾಜೆ ದಾರಿ ಹಿಡಿದು ಆರ್ಲಪದವು ದಾಟಿದರೆ ಕೇರಳ. ನಡುವೆ ಅಡಿಕೆ ತೋಟ, ರಬ್ಬರ್. ಗಡಿ ಎಲ್ಲಿ ದಾಟಿತೆಂದು ಹೊಸಬರಿಗೆ ತಿಳಿಯುವುದು ಬೋರ್ಡಿನ ಅಕ್ಷರ ಬದಲಾದಾಗಲೇ. ಈ ಸೀಮೆಯಲ್ಲಿ ಕುಡಿತ ಬಿಡಿಸಬೇಕೆಂದರೆ ಜನರಿಗೆ ಮೊದಲು ನೆನಪಾಗುವುದು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರ. ರಾಜ್ಯದಲ್ಲಿ ನಡೆದ ಇಂಥ ಶಿಬಿರಗಳ ಲೆಕ್ಕ ಸಾವಿರ ದಾಟಿ ಕಾಲವಾಯಿತು. ಅವು ಶುರುವಾದಾಗ ಎದುರಿಗಿದ್ದದ್ದು ಗಡಂಗಿನ ಪ್ಯಾಕೆಟ್ ಸಾರಾಯಿ. ಸಾರಾಯಿ 2007ರ ಜುಲೈಯಲ್ಲಿ ನಿಷೇಧವಾಯಿತು. ಈಗಿನ ಭಯ ಬೇರೆ: 2025ರ ಮಾರ್ಚಿನಲ್ಲಿ ಮಂಗಳೂರು ಪೊಲೀಸರು ಬೆಂಗಳೂರಿಗೆ ಹೋಗಿ ಹಿಡಿದ ಎಂಡಿಎಂಎ ಎಂಬ ಡ್ರಗ್ಸ್ ಒಂದೇ ಸಲಕ್ಕೆ 37 ಕಿಲೋಗಿಂತ ಹೆಚ್ಚಿತ್ತು. ಕುಡುಕರಿಗೆಂದು ಕಟ್ಟಿದ ಶಿಬಿರದಲ್ಲೇ ಗಾಂಜಾ, ಎಂಡಿಎಂಎ ಹುಡುಗರನ್ನೂ ಕೂರಿಸಬಹುದೇ?

ಪರ: ಬಿಡಿಸುವುದು ಸುಲಭ, ಬಿಟ್ಟದ್ದನ್ನು ಉಳಿಸುವುದು ಕಷ್ಟ

ಶಿಬಿರ ನಡೆಯುವುದು ಊರಿನ ಸಭಾಭವನದಲ್ಲಿ. ವ್ಯವಸ್ಥಾಪನಾ ಸಮಿತಿ ಊರಿನದು, ಅಕ್ಕಿ-ತೆಂಗಿನಕಾಯಿ ಕೊಟ್ಟವರು ಊರಿನವರು. ಮೊದಲ ಬೆಳಿಗ್ಗೆ ನೋಡಬೇಕು: ಚಾ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದರೂ ಅರ್ಧ ಚೆಲ್ಲಿಹೋಗುತ್ತದೆ. ಪಕ್ಕದವನ ಕೈಯೂ ನಡುಗುತ್ತಿರುವುದರಿಂದ ಯಾರೂ ನಗುವುದಿಲ್ಲ. ನಾಲ್ಕನೇ ದಿನಕ್ಕೆ ಅದೇ ಕೈ ತಾಳ ಹಿಡಿದು ಭಜನೆಗೆ ಕೂತಿರುತ್ತದೆ. ಕುಟುಂಬ ದಿನದಂದು ಹೆಂಡತಿ ಮಕ್ಕಳು ಬರುತ್ತಾರೆ. ವರ್ಷಗಟ್ಟಲೆ ಮುಖ ಕೊಟ್ಟು ಮಾತಾಡದವರು ಅವತ್ತು ಎದುರುಬದುರು ಕೂರುತ್ತಾರೆ.

ಆದರೆ ಶಿಬಿರದ ನಿಜವಾದ ಕೆಲಸ ಒಂಬತ್ತನೇ ದಿನದಿಂದ. ಊರಿಗೆ ಮರಳಿದವನನ್ನು ಕುಡಿತ ಬಿಟ್ಟವರ ನವಜೀವನ ಸಮಿತಿ ಸೇರಿಸಿಕೊಳ್ಳುತ್ತದೆ. ನೂರು ದಿನ ಕುಡಿಯದೆ ಇದ್ದರೆ ಶತದಿನೋತ್ಸವ. ಸಭೆಗೆ ಬಾರದಿದ್ದರೆ ಸಂಜೆ ಒಬ್ಬ ಮನೆ ಬಾಗಿಲಿಗೆ ಬಂದು "ಎಂತ ಮಾರಾಯ, ಕಾಣ್ಲೇ ಇಲ್ಲ?" ಎಂದು ಕೇಳುತ್ತಾನೆ. ಕೇಳುವವನೂ ಹಿಂದೆ ಕುಡಿದು ಚರಂಡಿಯಲ್ಲಿ ಬಿದ್ದವನೇ ಆದ್ದರಿಂದ ಸುಳ್ಳು ಹೇಳಿ ಜಾರಿಕೊಳ್ಳುವಂತಿಲ್ಲ. ಆಸ್ಪತ್ರೆ ಕೊಡುವುದಾದರೋ ಮುಂದಿನ ತಾರೀಕು ಬರೆದ ಚೀಟಿ ಮಾತ್ರ.

ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದಿಲ್ಲಿಯ ಏಮ್ಸ್ ಮಾಡಿದ ಸಮೀಕ್ಷೆ 2019ರಲ್ಲಿ ಹೊರಬಂತು. ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ, ಡ್ರಗ್ಸ್‌ಗೆ ದಾಸರಾದ 20 ಜನರಲ್ಲಿ ಒಬ್ಬರಿಗೆ ಮಾತ್ರ ದೇಶದಲ್ಲಿ ಏನಾದರೊಂದು ಚಿಕಿತ್ಸೆ ಸಿಗುತ್ತಿದೆ ಎಂದಿತು. ಉಳಿದವರನ್ನೆಲ್ಲ ಯಾವ ಆಸ್ಪತ್ರೆಯಲ್ಲಿ ಮಲಗಿಸುವುದು? ಪುತ್ತೂರಿನಿಂದ ಮಂಗಳೂರಿಗೆ 50 ಕಿ.ಮೀ. ಜೊತೆಗೆ ಹೋದವರ ಕೂಲಿಯೂ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಮಾನಸಿಕ ವಿಭಾಗ ಎಂದು ಬೋರ್ಡು ಇರುವ ಬಾಗಿಲಿಗೆ ಮಗನನ್ನು ಕರೆದೊಯ್ಯಲು ಈಗಲೂ ಜನ ಹೆದರುತ್ತಾರೆ. ಶಿಬಿರ ನಮ್ಮ ಅಂಗಳದಲ್ಲಿದೆ. ವರ್ಷವಿಡೀ ಬೇಕೆಂದರೆ ಉಜಿರೆ ಹತ್ತಿರ ಲಾಯಿಲದಲ್ಲಿ ವ್ಯಸನಮುಕ್ತಿ ಕೇಂದ್ರವೂ ಇದೆ. ಡ್ರಗ್ಸ್ ಹೊಸತಿರಬಹುದು, ಮಗ ಹಾಳಾಗುತ್ತಿದ್ದಾನೆಂಬ ಮನೆಯ ಸಂಕಟ ಹಳೆಯದೇ.

ವಿರೋಧ: ಎಲ್ಲ ವ್ಯಸನಕ್ಕೂ ಒಂದೇ ಮದ್ದಲ್ಲ

ನವಜೀವನ ಸಮಿತಿಯ ವಿಷಯದಲ್ಲಿ ಜಗಳವಿಲ್ಲ. ಅಂಥ ಬೆನ್ನುಬೀಳುವಿಕೆ ಯಾವ ದೊಡ್ಡ ಆಸ್ಪತ್ರೆಗೂ ಕೂಡಿಬಂದಿಲ್ಲ. ತಕರಾರು ಇರುವುದು ಮೊದಲ ಎಂಟು ದಿನದ ಬಗ್ಗೆ.

ಕುಡಿತದಿಂದಲೇ ಶುರು ಮಾಡೋಣ. ವರ್ಷಗಟ್ಟಲೆ ಬೆಳಿಗ್ಗೆ ಎದ್ದು ಕುಡಿದೇ ಹೊರಡುತ್ತಿದ್ದವನು ಥಟ್ಟನೆ ನಿಲ್ಲಿಸಿದರೆ ಮೊದಲ ಕೆಲವೇ ದಿನಗಳಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಣ್ಣಿಗೆ ಕಾಣಬಹುದು, ಜ್ವರವೇರಿ ಪ್ರಾಣಕ್ಕೇ ಬರಬಹುದು. ಅದನ್ನು ತಡೆಯುವ ಮಾತ್ರೆಗಳಿವೆ, ಥಯಮಿನ್ ಇಂಜೆಕ್ಷನ್ ಇದೆ. ಶಿಬಿರದಲ್ಲಿ ಆರೋಗ್ಯ ಸಹಾಯಕಿ ಇರುತ್ತಾರೆ, ನಿಜ. ಆದರೆ ಇಂಥವನಿಗೆ ಬೇಕಾದದ್ದು ವಾರ್ಡು.

ಡ್ರಗ್ಸ್‌ನದ್ದು ಇನ್ನೊಂದೇ ಕಥೆ. ಎಂಡಿಎಂಎ ಬಿಟ್ಟ ಹುಡುಗನ ಕೈ ನಡುಗುವುದಿಲ್ಲ, ಚಾ ಚೆಲ್ಲುವುದಿಲ್ಲ. ಅವನು ಮಲಗಿಯೇ ಇರುತ್ತಾನೆ. ಯಾವುದರಲ್ಲೂ ರುಚಿಯಿಲ್ಲ, ಬದುಕಿ ಏನಾಗಬೇಕೆಂಬ ಯೋಚನೆ ವಾರಗಟ್ಟಲೆ ಬಿಡುವುದಿಲ್ಲ. ಸಾಯುವ ಮಾತೂ ಬರುವುದು ಈ ಹೊತ್ತಿನಲ್ಲೇ. ಇದಕ್ಕೆಂದೇ ಮೀಸಲಾದ ಔಷಧಿ ಇಲ್ಲ. ಖಿನ್ನತೆಯನ್ನು ಗುರುತಿಸಬಲ್ಲ ವೈದ್ಯರು, ತಿಂಗಳುಗಟ್ಟಲೆ ಆಪ್ತ ಸಮಾಲೋಚನೆ ಬೇಕು. ಗಾಂಜಾ ಸೇದುವವರಲ್ಲಿ ಕೆಲವರಿಗೆ ಹದಿನೆಂಟು-ಇಪ್ಪತ್ತರ ಪ್ರಾಯದಲ್ಲೇ ಕಿವಿಯಲ್ಲಿ ದನಿ ಕೇಳತೊಡಗುತ್ತದೆ, ಪಕ್ಕದ ಮನೆಯವರೆಲ್ಲ ತನ್ನ ಮೇಲೇ ಕಣ್ಣಿಟ್ಟಿದ್ದಾರೆ ಅನ್ನಿಸುತ್ತದೆ. ಅಂಥವನನ್ನು ಭಜನೆಗೆ ಕೂರಿಸಿದರೆ ಆ ದನಿ ನಿಲ್ಲುವುದಿಲ್ಲ. ಹೆರಾಯಿನ್‌ನಂಥ ಅಫೀಮು ವರ್ಗದ್ದಾದರೆ ಬ್ಯುಪ್ರೆನಾರ್ಫಿನ್ ಇದೆ, ಅದನ್ನು ಕೊಡಬೇಕಾದವರು ವೈದ್ಯರು. ಒಂದೊಂದಕ್ಕೆ ಒಂದೊಂದು ದಾರಿ. ಐವತ್ತರ ಕುಡುಕರ ನಡುವೆ ಹತ್ತೊಂಬತ್ತರ ಹುಡುಗನನ್ನು ಕೂರಿಸಿ 'ದುಶ್ಚಟ' ಎಂದು ಭಾಷಣ ಮಾಡಿದರೆ ಅವನು ಕೇಳಿಸಿಕೊಳ್ಳುವುದು ಅನುಮಾನ.

ಶಿಬಿರದ ಶಕ್ತಿಯೇ ಬಹಿರಂಗ. ಕೊನೆಗೊಂದು ಸಮಾರೋಪ, ವೇದಿಕೆ, ಗುಂಪು ಫೋಟೊ. ಅಡಿಕೆ ಮರ ಹತ್ತುವ ಅಣ್ಣನಿಗೆ ಆ ಫೋಟೊ ಹೆಮ್ಮೆ. ಕಾಲೇಜಿನ ಹುಡುಗನಿಗೆ ಅದೇ ಫೋಟೊ ವಾಟ್ಸಾಪಿನಲ್ಲಿ ಸುತ್ತಿ, ನಾಳೆ ಕೆಲಸ ಕೇಳಲು ಹೋದಲ್ಲಿಗೂ ಅವನಿಗಿಂತ ಮೊದಲು ತಲುಪಿರುತ್ತದೆ. ಹುಡುಗಿಯಾದರಂತೂ ಹೇಳುವುದೇ ಬೇಡ.

ಕಾನೂನಿನ ಮಾತೂ ಇದೆ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಡ್ರಗ್ಸ್ ಸೇವಿಸುವುದೇ ಅಪರಾಧ. ಆದರೆ ಅದರ 64ಎ ಕಲಂ ಪ್ರಕಾರ, ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕಿಬಿದ್ದ ವ್ಯಸನಿ ತಾನಾಗಿ ಚಿಕಿತ್ಸೆಗೆ ಸೇರಿ ಅದನ್ನು ಪೂರ್ತಿ ಮುಗಿಸಿದರೆ ಮೊಕದ್ದಮೆಯಿಂದ ಪಾರಾಗಬಹುದು. ಸೇರಬೇಕಾದದ್ದು ಸರ್ಕಾರ ಅಥವಾ ಸ್ಥಳೀಯ ಆಡಳಿತ ನಡೆಸುವ, ಇಲ್ಲವೇ ಮಾನ್ಯ ಮಾಡಿದ ಆಸ್ಪತ್ರೆಗೆ, ಸಂಸ್ಥೆಗೆ. ಊರಲ್ಲಿ ಈ ಕಲಂ ಗೊತ್ತಿರುವ ತಂದೆ ತಾಯಿ ಎಷ್ಟು ಮಂದಿ?

ಹಾಗೆಂದು ಜಾಹೀರಾತು ನೋಡಿ ಸಿಕ್ಕಸಿಕ್ಕ ರಿಹ್ಯಾಬಿಗೆ ಹಾಕಿಬಿಡಿ ಎನ್ನುತ್ತಿಲ್ಲ. ಸೇರಿಸುವ ಮೊದಲು ಕೇಳಿ: 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಣಿ ಆಗಿದೆಯೇ? ಮನೋವೈದ್ಯರು ಸ್ವತಃ ಬಂದು ನೋಡುತ್ತಾರೋ, ಬೋರ್ಡಿನಲ್ಲಿ ಹೆಸರು ಮಾತ್ರವೋ? ಮಗನೊಡನೆ ಫೋನಿನಲ್ಲಿ ಮಾತಾಡಬಹುದೇ? ಕೂಡಿಹಾಕಿ, ಹೊಡೆದು 'ಸರಿ ಮಾಡುವ' ಜಾಗದಿಂದ ಮಗನನ್ನು ಆ ದಿನವೇ ಹೊರಗೆ ತನ್ನಿ. ಸಂಕೋಲೆ ಹಾಕುವುದನ್ನು ಆ ಕಾಯ್ದೆ ನಿಷೇಧಿಸಿದೆ. 'ಗೊತ್ತಾಗದ ಹಾಗೆ ಪದಾರ್ಥದಲ್ಲಿ ಬೆರೆಸಿ' ಎಂದು ಮಾರುವ ಪುಡಿಯ ತಂಟೆಗಂತೂ ಹೋಗಬೇಡಿ. ಅದರಲ್ಲಿ ಡೈಸಲ್ಫಿರಾಂ ಇದ್ದರೆ, ತಿಳಿಯದೆ ತಿಂದವನು ಕುಡಿದಾಗ ಪ್ರಾಣಾಪಾಯ.

ಮಂಗಳೂರಿನ ವೆನ್ಲಾಕ್, ಫಾದರ್ ಮುಲ್ಲರ್ ದೂರವಾಯಿತೆಂದರೆ, ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ 'ಮನೋಚೈತನ್ಯ' ಯೋಜನೆ ರಾಜ್ಯದಲ್ಲಿದೆ. ಮನೆಯಿಂದ ಹೊರಡುವ ಮೊದಲೇ ಮಾತಾಡಬೇಕೆಂದರೆ ವ್ಯಸನಮುಕ್ತಿ ಸಹಾಯವಾಣಿ 14446, ಟೆಲಿ-ಮಾನಸ್ 14416.

ಪರ ವಾದಿಸುವವರ ಮರುಮಾತು

ಹುಡುಗನಿಗೆ ಮೊದಲ ಬಾಗಿಲು ಆಸ್ಪತ್ರೆ ಎಂಬುದನ್ನು ಒಪ್ಪೋಣ. ಮಂಗಳವಾರ ಬೆಳಿಗ್ಗೆ ಅವನನ್ನು ಎಬ್ಬಿಸಿ ರೆಂಜದಲ್ಲಿ ಬಸ್ಸು ಹತ್ತಿಸುವವರು ಯಾರು? ಅಮ್ಮ ಒಬ್ಬಳಿಂದ ಆಗದು, ಅಪ್ಪ ಕರೆದರೆ ಅವನು ಬರುವುದಿಲ್ಲ. ಆ ಕೆಲಸ ನವಜೀವನ ಸಮಿತಿಯವರಿಗೆ ಬಿಡಿ. ಅದಕ್ಕೆ ಹುಡುಗನ ಒಪ್ಪಿಗೆಯ ಮೇಲೆ ವೈದ್ಯರು ಇವರೊಂದಿಗೂ ನಾಲ್ಕು ಮಾತಾಡಬೇಕು. ಈಗ ಆಸ್ಪತ್ರೆಯವರಿಗೆ ಶಿಬಿರದವರೆಂದರೆ ಭಜನೆಯವರು, ಶಿಬಿರದವರಿಗೆ ಆಸ್ಪತ್ರೆಯೆಂದರೆ ಮಾತ್ರೆ ನುಂಗಿಸುವವರು. ಗುಂಪು ಫೋಟೊ ಬೇಡವೆಂದರೆ ಬೇಡ. ಶತದಿನೋತ್ಸವ ಮಾತ್ರ ಬಿಡುವುದಿಲ್ಲ.