ಕಂಪನಿ ಮುಚ್ಚಿದೆ, ಗಾಡಿ ಮಾತ್ರ ಮಾರಾಟಕ್ಕಿದೆ!

ಬ್ಯಾಡರಹಳ್ಳಿಯಲ್ಲಿ ಬಸ್ಸಿಗೆ ಕಾಯುವವರ ಕಣ್ಣು ಎರಡು ಕಡೆ ಇರುತ್ತದೆ. ಒಂದು, ಮಾಗಡಿ ರಸ್ತೆಯಲ್ಲಿ ಬರಬೇಕಾದ, ಆದರೆ ಬಾರದ ಬಸ್ಸಿನ ಕಡೆ. ಇನ್ನೊಂದು, ಗ್ಯಾರೇಜಿನ ಮುಂದೆ ‘ಮಾರಾಟಕ್ಕಿದೆ’ ಎಂದು ರಟ್ಟು ಕಟ್ಟಿಕೊಂಡು ನಿಂತ ಹಳೇ ಗಾಡಿಯ ಕಡೆ.

ಕಾಯುವವರದು ತಪ್ಪಲ್ಲ. 2025ರ ಜನವರಿ 5ರಿಂದ ಬಸ್ ದರ ನೂರಕ್ಕೆ ಹದಿನೈದರಂತೆ ಏರಿತು. ಹೊಸಹಳ್ಳಿಯಿಂದ ಕಡಬಗೆರೆಗೆ ಮೆಟ್ರೊ ಬರುತ್ತದೆ, ನಮ್ಮೂರಲ್ಲೂ ಒಂದು ನಿಲ್ದಾಣವಿದೆ ಎಂದು ಕೇಂದ್ರ ಸಂಪುಟ 2024ರ ಆಗಸ್ಟಿನಲ್ಲಿ ಒಪ್ಪಿಗೆ ಕೊಟ್ಟಿತು. ಒಪ್ಪಿಗೆಯ ಮೇಲೆ ಕೂತು ಪೀಣ್ಯಕ್ಕೆ ಡ್ಯೂಟಿಗೆ ಹೋಗಲಾದೀತೇ? ಬೆಳಗಿನ ಜಾವ ಕಲಾಸಿಪಾಳ್ಯದಿಂದ ತರಕಾರಿ ತರುವವರು, ಯಶವಂತಪುರದಿಂದ ಈರುಳ್ಳಿ ಚೀಲ ತರುವವರು ಒಂದು ಗಾಡಿ ಇಲ್ಲದೆ ಬೋಣಿ ಮಾಡುವ ಹಾಗಿಲ್ಲ. ಹೊಸ ಗಾಡಿ ಲಕ್ಷದ ಮಾತಾಡುತ್ತದೆ. ಚೀಟಿ ಎತ್ತಿದ ದುಡ್ಡಿಗೆ ಸಿಗೋದು ಹಳೇದೇ.

ಹಳೇದರಲ್ಲೂ ಎರಡು ಜಾತಿ. ಕಂಪನಿ ಇವತ್ತೂ ಮಾಡುತ್ತಿರುವ ಗಾಡಿ ಒಂದು. ಕಂಪನಿ ಎಂದೋ ಕೈಬಿಟ್ಟ ಗಾಡಿ ಇನ್ನೊಂದು. ಯೆಜ್ಡಿ, ಆರ್‌ಎಕ್ಸ್ 100, ಗೇರಿನ ಚೇತಕ್, ಕೈನೆಟಿಕ್ ಹೋಂಡಾ, ಎಲ್‌ಎಂಎಲ್ ವೆಸ್ಪಾ ಇವೆಲ್ಲ ಎರಡನೇ ಜಾತಿಗೆ ಸೇರಿದವು. ಒಂದು ಕಾಲಕ್ಕೆ ಚೇತಕ್‌ಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. 2009ರ ಡಿಸೆಂಬರಿನಲ್ಲಿ ಬಜಾಜ್‌ನವರು ಸ್ಕೂಟರ್ ವ್ಯಾಪಾರವೇ ಬೇಡ ಎಂದುಬಿಟ್ಟರು! ಆರ್‌ಎಕ್ಸ್ 100 ಬಂದದ್ದು 1985ರಲ್ಲಿ, ನಿಂತದ್ದು 1996ರಲ್ಲಿ. ಅದೇ 1996ರಲ್ಲಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯೂ ಬಾಗಿಲು ಹಾಕಿತು. ಮಹಾರಾಜರ ಊರಲ್ಲಿ ಜೆಕ್ ದೇಶದವರ ತಾಂತ್ರಿಕತೆಯಿಂದ 1960ರ ದಶಕದ ಆರಂಭದಲ್ಲಿ ಶುರುವಾದ ಕಾರ್ಖಾನೆ ಅದು. ಎಷ್ಟು ಸಂಸಾರ ಬೀದಿಗೆ ಬಂದವೋ, ಆ ಕಥೆ ಬೇರೆ.

ಇಂಥ ಗಾಡಿ ಕೊಳ್ಳಲು ಹೋದವರು ಕೇಳುವ ಮೊದಲ ಪ್ರಶ್ನೆ, ‘ಎಷ್ಟು ಕೊಡುತ್ತೆ ಸ್ವಾಮಿ?’ ಎಂದು. ಮೈಲೇಜು ಆಮೇಲೆ ಕೇಳಿದರಾಯಿತು. ಮೊದಲು ಕೇಳಬೇಕಾದ್ದು ಎರಡು. ಇದರ ಸಾಮಾನು ಎಲ್ಲಿ ಸಿಗುತ್ತೆ? ಇದು ಯಾರ ಹೆಸರಲ್ಲಿದೆ? ಇವೆರಡಕ್ಕೂ ನೆಟ್ಟಗೆ ಉತ್ತರ ಸಿಗದ ಗಾಡಿಯನ್ನು ಪುಕ್ಕಟೆ ಕೊಟ್ಟರೂ ಬೇಡ ಎಂಬುದು ಈ ಅಂಕಣದ ಖಚಿತ ಅಭಿಪ್ರಾಯ.

ಸಾಮಾನಿನ ವಿಷಯಕ್ಕೆ ಬರೋಣ. ಯೆಜ್ಡಿ ನಿಂತು ಮೂವತ್ತು ವರ್ಷವಾದರೂ ಅದರ ಡಬ್ ಡಬ್ ಸದ್ದು ಇನ್ನೂ ಮಾಗಡಿ ರಸ್ತೆಯಲ್ಲಿ ಕೇಳುತ್ತದೆ. ಯಾಕೆ? ಕಂಪನಿ ಸತ್ತರೂ ಕೆಲಸ ಬಲ್ಲವರು ಬದುಕಿದ್ದಾರೆ. ಅದು ಕಬ್ಬಿಣದ ಗಾಡಿ. ಒಂದು ಸಿಲಿಂಡರು, ಒಂದು ಕಾರ್ಬೊರೇಟರು, ಪೆಟ್ರೋಲಿಗೆ ಬೆರೆಸುವ ಆಯಿಲ್ಲು. ಕಿಕ್ಕರ್ ಹೊಡೆಯುವ ಲಿವರೇ ಗೇರ್ ಲಿವರ್ ಕೂಡ. ಸಿಲಿಂಡರು ಸವೆದರೆ ರೀಬೋರ್ ಮಾಡಿ ಒಂದು ಸೈಜ್ ದೊಡ್ಡ ಪಿಸ್ಟನ್ ಹಾಕ್ತಾರೆ. ರೀಬೋರಿಗೂ ಜಾಗ ಉಳಿದಿಲ್ಲ ಅಂದರೆ ಸ್ಲೀವ್ ಕೂರಿಸ್ತಾರೆ. ಬುಷ್ ಬೇಕೇ? ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಪೀಣ್ಯದ ಲೇತ್ ಕೆಲಸದವರು ಹಳೇ ಬುಷ್ ಅಳತೆ ನೋಡಿ ಹೊಸದನ್ನು ಕಡೆದು ಕೊಡ್ತಾರೆ. ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಕೇಬಲ್ಲು, ಕ್ಲಚ್ ಪ್ಲೇಟು ಸಿಗುತ್ತೆ. ಅಲ್ಲೂ ಸಿಗದ್ದು ಶಿವಾಜಿನಗರದ ಗುಜರಿಯಲ್ಲಿ ಸಿಗುತ್ತೆ. ಸಿಕ್ಕ ಸಾಮಾನೆಲ್ಲ ಅಸಲಿ ಎಂದಲ್ಲ. ಡಬ್ಬಿ ಮೇಲಿನ ಹೆಸರು ಓದಿ ಮರುಳಾಗದೆ ಮೆಕ್ಯಾನಿಕ್ಕಿನ ಕೈಯಲ್ಲಿ ಕೊಟ್ಟು ನೋಡಿಸಿ.

ಕೊಳ್ಳುವ ಮುಂಚೆ ಗಾಡಿಯನ್ನು ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ಮಾರುವವರು ‘ಬರ್ತೀರಾ ಅಂತ ಬಿಸಿ ಮಾಡಿ ಇಟ್ಟಿದ್ದೆ’ ಎಂದರೆ ಒಂದು ಟೀ ಕುಡಿದು, ಗಾಡಿ ಆರಿದ ಮೇಲೆ ಬನ್ನಿ. ಟೂ ಸ್ಟ್ರೋಕ್ ಅಂದ ಮೇಲೆ ಹೊಗೆ ಇದ್ದದ್ದೇ. ಆದರೆ ಬಿಸಿಯಾದ ಮೇಲೂ ದಟ್ಟ ಹೊಗೆ ನಿಲ್ಲದಿದ್ದರೆ, ಗೇರ್ ಬಾಕ್ಸಿನ ಆಯಿಲ್ ಕಮ್ಮಿಯಾಗುತ್ತಾ ಹೋದರೆ, ಕ್ರ್ಯಾಂಕಿನ ಸೀಲ್ ಹೋಗಿರಬಹುದು. ಹಾಗಿದ್ದರೆ ಇಂಜಿನ್ ಬಿಚ್ಚಲೇಬೇಕು. ಚೇತಕ್ ಆದರೆ ಕಾಲಿಡುವ ಜಾಗದ ರಬ್ಬರ್ ಮ್ಯಾಟ್ ಎತ್ತಿ ನೋಡಿ. ಆ ಸ್ಕೂಟರಿಗೆ ತಗಡಿನ ಬಾಡಿಯೇ ಚಾಸಿ. ಅಡಿಯಲ್ಲಿ ತುಕ್ಕು ತಿಂದಿದ್ದರೆ ಮೇಲಿನ ಹೊಸ ಪೇಂಟು ಹೆಣಕ್ಕೆ ಮಾಡಿದ ಶೃಂಗಾರ.

ಇನ್ನು ಹೆಸರಿನ ಮೋಸ. ಮೋಸ ಎನ್ನುವುದಕ್ಕಿಂತ ಗೊಂದಲ ಎನ್ನೋಣ. ಸತ್ತ ಹೆಸರುಗಳೆಲ್ಲ ಈಗ ಮತ್ತೆ ಎದ್ದು ಬರುತ್ತಿವೆ. ಜಾವಾ 2018ರಲ್ಲಿ ಬಂತು, ಚೇತಕ್ 2020ರಲ್ಲಿ, ಯೆಜ್ಡಿ 2022ರಲ್ಲಿ, ಲೂನಾ 2024ರಲ್ಲಿ. 2025ರಲ್ಲಿ ಕೈನೆಟಿಕ್ಕೂ ಬಂತು. ಇದನ್ನೇ ತೋರಿಸಿ, ‘ಕಂಪನಿ ವಾಪಸ್ ಬಂದಿದೆ ಸಾರ್, ಇನ್ನು ಸಾಮಾನಿಗೆ ಏನು ಚಿಂತೆ?’ ಎನ್ನುವ ದಲ್ಲಾಳಿಗಳಿದ್ದಾರೆ. ಚಿಂತೆ ಇದೆ ಸ್ವಾಮಿ! ಹೊಸ ಯೆಜ್ಡಿಯದು ಫೋರ್ ಸ್ಟ್ರೋಕ್ ಇಂಜಿನ್. ಹೊಸ ಚೇತಕ್, ಲೂನಾ, ಕೈನೆಟಿಕ್ ಓಡುವುದು ಬ್ಯಾಟರಿಯಲ್ಲಿ. ಹೊಸದರ ಪಿಸ್ಟನ್ ಹಳೇದಕ್ಕೆ ಕೂರುವುದಿಲ್ಲ. ಬ್ಯಾಟರಿ ಗಾಡಿಯಲ್ಲಿ ಪಿಸ್ಟನ್ನೇ ಇಲ್ಲ, ಇನ್ನು ಕೂರಿಸುವ ಮಾತೆಲ್ಲಿ?

ಬ್ಯಾಟರಿ ಗಾಡಿಯ ಮಾತು ಬಂತಲ್ಲ, ಅಸಲು ಗಂಡಾಂತರ ಇರುವುದು ಅಲ್ಲಿ. ನಾಲ್ಕೈದು ವರ್ಷದ ಹಿಂದೆ ಅಂಗಡಿ ತೆರೆದು ಈಗ ಹೇಳಹೆಸರಿಲ್ಲದಂತೆ ಹೋದ ಕಂಪನಿಗಳ ಸ್ಕೂಟರುಗಳು ಬಲು ಅಗ್ಗಕ್ಕೆ ಕೈಬದಲಾಗುತ್ತಿವೆ. ನೋಡಲು ಥಳಥಳ, ಓಡಿದ್ದೂ ಕಮ್ಮಿ. ಆದರೆ ಬ್ಯಾಟರಿ ಸೋತರೆ, ಕಂಟ್ರೋಲರ್ ಸುಟ್ಟರೆ, ಆ ಕಂಪನಿಯ ಆ್ಯಪ್ ನಿಂತುಹೋದರೆ ಯಾರ ಹತ್ತಿರ ಹೋಗುತ್ತೀರಿ? ಸುಂಕದಕಟ್ಟೆಯ ಲೇತಿನಲ್ಲಿ ಬುಷ್ ಕಡೆಯಬಹುದು, ಸಾಫ್ಟ್‌ವೇರ್ ಕಡೆಯಲಾಗದು. ಮೂವತ್ತು ವರ್ಷದ ಹಿಂದೆ ನಿಂತ ಯೆಜ್ಡಿಗಿಂತ ಮೂರು ವರ್ಷದ ಹಿಂದೆ ನಿಂತ ಇಂಥ ಸ್ಕೂಟರ್ ಹೆಚ್ಚು ಅನಾಥ.

ಈ ಪಾಡು ನಮ್ಮ ಬಡಗಾಡಿಗಳಿಗೆ ಮಾತ್ರ ಎಂದುಕೊಳ್ಳಬೇಡಿ. ಮಲ್ಪೆ, ಮುರುಡೇಶ್ವರದ ಸಮುದ್ರದಲ್ಲಿ ಟೂರಿಸ್ಟರನ್ನು ಕೂರಿಸಿಕೊಂಡು ಭರ್ರೆಂದು ಹೋಗುವ ನೀರಿನ ಸ್ಕೂಟರ್, ಅದೇ ಜೆಟ್ ಸ್ಕೀ, ನೋಡಿದ್ದೀರಲ್ಲ? ಅಮೆರಿಕದಲ್ಲಿ ಮನೆ ಮುಂದೆ ಅದನ್ನು ನಿಲ್ಲಿಸಿಕೊಂಡವರಿದ್ದಾರೆ. ಅಲ್ಲಿ ಆರ್ಕ್ಟಿಕ್ ಕ್ಯಾಟ್ ಕಂಪನಿ 1999ರಲ್ಲಿ ಟೈಗರ್‌ಶಾರ್ಕ್ ಎಂಬ ನೀರಿನ ಸ್ಕೂಟರನ್ನು ಕೈಬಿಟ್ಟಿತು. 2004ರಲ್ಲಿ ಪೊಲಾರಿಸ್ ಈ ವ್ಯಾಪಾರ ಬಿಟ್ಟಿತು. 2009ರ ಹೊತ್ತಿಗೆ ಹೋಂಡಾದಂಥ ಹೋಂಡಾ ಕೂಡ ಅಕ್ವಾಟ್ರ್ಯಾಕ್ಸ್ ನಿಲ್ಲಿಸಿತು. ಇವನ್ನು ಸೆಕೆಂಡ್ ಹ್ಯಾಂಡ್ ಕೊಂಡ ಸಾಹೇಬರೂ ನಮ್ಮ ಹಾಗೆಯೇ ಒಂದು ಗಾಡಿ ಓಡಿಸಲು ಇನ್ನೊಂದು ಗಾಡಿ ಬಿಚ್ಚಬೇಕು. ಒಂದೇ ವ್ಯತ್ಯಾಸ, ಅವರದು ಶೋಕಿ. ನಮ್ಮದು ಹೊಟ್ಟೆಪಾಡು.

ಸಾಮಾನು ಹುಡುಕಿದರೆ ಸಿಕ್ಕೀತು. ಕಾಗದ ಸಿಗದಿದ್ದರೆ ಏನು ಗತಿ?

ನಮ್ಮಲ್ಲಿ ನಡೆಯುವ ವ್ಯಾಪಾರ ಎಲ್ಲರಿಗೂ ಗೊತ್ತು. ದುಡ್ಡು ಎಣಿಸೋದು, 29-30 ಫಾರಂಗೆ ಸೈನ್ ಹಾಕಿಸಿಕೊಳ್ಳೋದು, ಡೆಲಿವರಿ ನೋಟ್ ಅಂತ ಒಂದು ಚೀಟಿ ಇಸ್ಕೊಳ್ಳೋದು, ಗಾಡಿ ತಳ್ಳಿಕೊಂಡು ಹೋಗೋದು. ಆ ಫಾರಂ ಬೀರುವಿನಲ್ಲಿ ಮಲಗುತ್ತದೆ. ಗಾಡಿ ಮೂರನೆಯವರಿಗೆ, ನಾಲ್ಕನೆಯವರಿಗೆ ಹೋಗುತ್ತದೆ. ಆರ್‌ಸಿಯಲ್ಲಿ ಮಾತ್ರ ರಾಜಾಜಿನಗರದ ಯಾರೋ ನಿವೃತ್ತ ಗುಮಾಸ್ತರ ಹೆಸರು! ಕಾನೂನಿನಂತೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಯಾರ್ರೀ ತಿಳಿಸ್ತಾರೆ?

ತಿಳಿಸದಿದ್ದರೆ ಆಗುವುದೇನು ಎಂಬುದನ್ನು ಸುಪ್ರೀಂ ಕೋರ್ಟು 2018ರ ಫೆಬ್ರುವರಿಯಲ್ಲಿ ಹೇಳಿದೆ. ಕೈಯಿಂದ ಕೈಗೆ ಮಾರಾಟವಾಗುತ್ತಾ ಹೋದ, ವಿಮೆ ಇಲ್ಲದ ಕಾರೊಂದು ಅಪಘಾತ ಮಾಡಿತ್ತು. ‘ನಾನು ಮಾರಿ ವರ್ಷಗಳಾದವು’ ಎಂದರು ಮೊದಲಿನ ಮಾಲೀಕರು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರ ಅವರೇ ಕೊಡಬೇಕು ಎಂದಿತು ಕೋರ್ಟು. ಆದ್ದರಿಂದ ಈ ಮಾತು ಕೊಳ್ಳುವವರಿಗಿಂತ ಮಾರುವವರಿಗೇ ಹೆಚ್ಚು ಮುಖ್ಯ. ಅಪ್ಪನ ಕಾಲದ ಚೇತಕ್ಕನ್ನು ಗುಜರಿ ರೇಟಿಗೆ ಕೊಟ್ಟು ಕೈತೊಳೆದುಕೊಂಡೆವು ಎಂದುಕೊಂಡವರು ಒಮ್ಮೆ ಯೋಚಿಸಿ, ಹೆಸರು ಬದಲಾಗಿದೆಯೇ?

ಕೊಳ್ಳುವವರಿಗೂ ಲೆಕ್ಕವಿದೆ. ಆರ್‌ಸಿಯ ಆಯುಷ್ಯ 15 ವರ್ಷ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ಇದರ ಫೀಸು ದ್ವಿಚಕ್ರಕ್ಕೆ 300 ರೂಪಾಯಿ ಇದ್ದದ್ದು 2022ರ ಏಪ್ರಿಲಿನಿಂದ 1000 ಆಯಿತು. 20 ವರ್ಷ ದಾಟಿದ ಗಾಡಿಗೆ 2025ರ ಆಗಸ್ಟಿನಲ್ಲಿ 2000 ಮಾಡಿದರು. ಯೆಜ್ಡಿ, ಆರ್‌ಎಕ್ಸ್ 100 ಅಂದ ಮೇಲೆ 20 ವರ್ಷ ದಾಟದ್ದು ಒಂದೂ ಇಲ್ಲ. ಹಸಿರು ತೆರಿಗೆ ಬೇರೆ, ವಿಮೆ ಬೇರೆ, ಹೊಗೆ ತಪಾಸಣೆ ಚೀಟಿ ಬೇರೆ, ತಡ ಮಾಡಿದ್ದಕ್ಕೆ ದಂಡ ಬೇರೆ. ಹಳೇ ಮಾಲೀಕರು ಸಿಗ್ನಲ್ ಹಾರಿಸಿದ ಪುಣ್ಯವೂ ಗಾಡಿ ನಂಬರಿನ ಮೇಲೇ ಕೂತಿರುತ್ತದೆ. 2023ರಲ್ಲಿ, ಮತ್ತೆ 2025ರಲ್ಲಿ ಅರ್ಧ ದಂಡದ ರಿಯಾಯಿತಿ ಕೊಟ್ಟಾಗ ಕಟ್ಟಲು ಬಿದ್ದ ನೂಕುನುಗ್ಗಲೇ ಸಾಕು, ಊರಲ್ಲಿ ಎಷ್ಟು ಬಾಕಿ ಇತ್ತೆಂದು ತಿಳಿಯಲು. ಇವೆಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಕೂಡಿಸಿ, ಆ ಮೊತ್ತವನ್ನು ಹೇಳಿದ ರೇಟಿನಲ್ಲಿ ಕಳೆದು, ಉಳಿದದ್ದಕ್ಕೆ ಚೌಕಾಸಿ ಶುರು ಮಾಡಿ.

ಆರ್‌ಎಕ್ಸ್ 100 ಕೊಳ್ಳುವ ಹುಡುಗರಿಗೆ ಒಂದು ಕಿವಿಮಾತು. ಈ ಗಾಡಿಗೆ ಬೇಡಿಕೆ ಜಾಸ್ತಿ. ಬೇಡಿಕೆ ಇದ್ದಲ್ಲಿ ಕೈಚಳಕವೂ ಇರುತ್ತದೆ. ಚಾಸಿ ನಂಬರಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ಇಂಜಿನ್ ನಂಬರನ್ನೂ ಹಾಗೆಯೇ. ಎರಡೂ ಆರ್‌ಸಿಯೊಂದಿಗೆ ಅಕ್ಷರಕ್ಕಕ್ಷರ ಕೂಡಬೇಕು. ಉಜ್ಜಿ ಅಳಿಸಿ ಮತ್ತೆ ಹೊಡೆದ ಗುರುತು ಕಂಡರೆ ಅಡ್ವಾನ್ಸ್ ಕೊಡದೆ ಮನೆಗೆ ಬನ್ನಿ. ಇಲ್ಲವಾದರೆ ಒಂದು ದಿನ ಠಾಣೆಯಲ್ಲಿ ಕೂತು ‘ನಾನು ದುಡ್ಡು ಕೊಟ್ಟೇ ತಗೊಂಡಿದ್ದು ಸಾರ್’ ಎಂದು ಹೇಳುತ್ತಿರಬೇಕಾದೀತು.

ಅಧಿಕಾರಿಗಳಿಗೂ ಎರಡು ಮಾತು. ಹಳೇ ಗಾಡಿ ಮಾರುವ ಡೀಲರುಗಳು ಆರ್‌ಟಿಒದಿಂದ ಅಧಿಕಾರ ಪತ್ರ ಪಡೆಯಬೇಕು, ಗಾಡಿ ತಮ್ಮ ಕೈಗೆ ಬಂದದ್ದನ್ನು ಇಲಾಖೆಗೆ ತಿಳಿಸಬೇಕು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅಧಿಕಾರ ಪತ್ರ ಗೋಡೆಯಲ್ಲಿ ತೂಗುಹಾಕಿದ ಡೀಲರು ಯಾರಾದರೂ ಕಂಡಿದ್ದಾರೆಯೇ, ಓದುಗರೇ ಹೇಳಲಿ. ಅಂಗಡಿ ಬಲ್ಬು ಉರಿಸಿದ್ದಕ್ಕೆ, ಫುಟ್‌ಪಾತಿಗೆ ಚೀಲ ಚಾಚಿದ್ದಕ್ಕೆ ನೋಟಿಸು ಬರುತ್ತದೆ. ಸಾಲಾಗಿ ಹತ್ತು ಗಾಡಿ ನಿಲ್ಲಿಸಿ ಮಾರುವವರ ಹತ್ತಿರ ಕಾಗದ ಕೇಳುವವರು ಮಾತ್ರ ಬರುವುದಿಲ್ಲ. ಸಾರಿಗೆ ಇಲಾಖೆಯವರು ಇನ್‌ಸ್ಪೆಕ್ಟರ್ ಒಬ್ಬರನ್ನು ಒಂದು ಭಾನುವಾರ ಬ್ಯಾಡರಹಳ್ಳಿಗೆ ಕಳಿಸಲಿ. ಮಾರಿದವರು, ಕೊಂಡವರು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಅಲ್ಲೇ ಅರ್ಜಿ ತುಂಬಿಸಿ, ಅಲ್ಲೇ ಫೀಸು ಕಟ್ಟಿಸಿಕೊಳ್ಳಲಿ. ಜಾಗಕ್ಕೆ ಪರದಾಡಬೇಕಿಲ್ಲ, ಊರ ಶಾಲೆಯ ಮೈದಾನ ಭಾನುವಾರ ಖಾಲಿಯೇ ಇರುತ್ತದೆ.